ಅಂಬಾಸಿಡರ್ 1489 ಇಂಜಿನ್: ಟ್ಯಾಪೆಟ್ ಸದ್ದು, ನಿಂತಾಗ ನಡುಕ. ಕ್ಯಾಮ್ ಹೋಗಿದೆ ಅಂತಾರೆ, ನಿಜಾನಾ?

ಬೆಳಗಾವಿ ಅಂಬಿ:

ಎಲ್ಲರಿಗೂ ನಮಸ್ಕಾರ. ಗಾಡಿ 1984ರ ಅಂಬಾಸಿಡರ್ ಮಾರ್ಕ್ 4. ಪೆಟ್ರೋಲ್, ಹಳೇ 1489 ಸಿಸಿ ಇಂಜಿನ್. ಅಪ್ಪನ ಕಾಲದ್ದು. ಬೋರ್ ಕೆಲಸ ಹಿಂದೆ ಆಗಿದೆ, ಹೆಡ್ ಮುಟ್ಟಿದ್ದು ನೆನಪಿಲ್ಲ.

ಈಗ ಎರಡು ತೊಂದರೆ. ಇಂಜಿನ್ ಮೇಲಿಂದ ಟಕ್ ಟಕ್ ಸದ್ದು, ಬಿಸಿಯಾದ ಮೇಲೂ ಹೋಗುವುದಿಲ್ಲ. ಇನ್ನೊಂದು, ಚನ್ನಮ್ಮ ಸರ್ಕಲ್‌ನಲ್ಲಿ ಸಿಗ್ನಲ್‌ಗೆ ನಿಂತರೆ ಗೇರ್ ಲಿವರ್ ಕೈಯಲ್ಲಿ ನಡುಗುತ್ತದೆ. ಸ್ಪೀಡ್ ಹಿಡಿದರೆ ಸರಿ ಇರುತ್ತದೆ. ಪಿಕಪ್ ಸ್ವಲ್ಪ ಕಮ್ಮಿ ಅನಿಸುತ್ತದೆ.

ಒಂದು ಗ್ಯಾರೇಜ್‌ಗೆ ಕೊಟ್ಟಿದ್ದೆ. ಮಿಸ್ತ್ರಿ ಟ್ಯಾಪೆಟ್ ಟೈಟ್ ಮಾಡಿ ಸದ್ದು ಕಮ್ಮಿ ಮಾಡಿಕೊಟ್ಟರು. ನಡುಕ ಜಾಸ್ತಿ ಆಯಿತು. ಈಗ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಹೋಗಿದೆ, ಇಂಜಿನ್ ಇಳಿಸಬೇಕು ಅಂತಿದ್ದಾರೆ. ಇಳಿಸುವ ಮುಂಚೆ ಇಲ್ಲಿ ಕೇಳೋಣ ಅಂತ ಬಂದೆ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ಪಾನಾ ಸೆಟ್ ಇವೆ. ಕೈಕೆಲಸ ಸ್ವಲ್ಪ ಬರುತ್ತದೆ.

ಉದ್ಯಮಬಾಗ ಲೇತ್:

ಇಂಜಿನ್ ಇಳಿಸಬೇಡಿ. ಮೊದಲು ಆ ಟೈಟ್ ಮಾಡಿದ ಟ್ಯಾಪೆಟ್‌ಗಳನ್ನು ಸಡಿಲ ಮಾಡಿ. ಇವತ್ತೇ.

ಸದ್ದು ಮಾಡುವ ಟ್ಯಾಪೆಟ್ ಕಿವಿಗೆ ತೊಂದರೆ ಕೊಡುತ್ತದೆ, ಸದ್ದೇ ಮಾಡದ ಟ್ಯಾಪೆಟ್ ಜೇಬಿಗೆ. ಎಕ್ಸಾಸ್ಟ್ ವಾಲ್ವ್ ತಣ್ಣಗಾಗುವುದು ಸೀಟ್ ಮೇಲೆ ಕೂತಾಗ. ಗ್ಯಾಪ್ ಇಲ್ಲದಿದ್ದರೆ ಅದು ಪೂರ್ತಿ ಕೂರುವುದೇ ಇಲ್ಲ. ಕಾದ ಗ್ಯಾಸ್ ಸಂದಿಯಲ್ಲಿ ನುಗ್ಗಿ ಅಂಚು ಸುಡುತ್ತದೆ. ಆ ಸಿಲಿಂಡರ್‌ನ ಕಂಪ್ರೆಷನ್ ಹೋಗುತ್ತದೆ. ನಿಮ್ಮ ನಡುಕ ಅದೇ ಇರಬಹುದು. ಸದ್ದು ಬೇರೆ ರೋಗ, ನಡುಕ ಬೇರೆ ರೋಗ ಅಂತ ಇಟ್ಟುಕೊಂಡು ಹುಡುಕಿ.

ವಾಲ್ವ್ ಒತ್ತುವ ರಾಕರ್‌ಗೂ ವಾಲ್ವ್ ತುದಿಗೂ ನಡುವಿನ ಸಂದಿಯೇ ಟ್ಯಾಪೆಟ್ ಗ್ಯಾಪ್. ಈ ಇಂಜಿನ್‌ಗೆ ಅದು 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ), ಅಂದರೆ 0.38 ಮಿಮೀ, ಇಂಜಿನ್ ಬಿಸಿ ಇದ್ದಾಗ. ರೇಡಿಯೇಟರ್ ಕಡೆಯಿಂದ ವಾಲ್ವ್‌ಗೆ 1ರಿಂದ 8 ನಂಬರ್ ಹಾಕಿ. 8 ಪೂರ್ತಿ ತೆರೆದಾಗ 1 ಹೊಂದಿಸಿ. 6 ತೆರೆದಾಗ 3, 4 ತೆರೆದಾಗ 5, ಹೀಗೆ. ಕೂಡಿದರೆ ಯಾವಾಗಲೂ 9 ಬರಬೇಕು. ಹೊಂದಿಸುವ ಮುಂಚೆ ಈಗಿರುವ ಗ್ಯಾಪ್ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಹತ್ತರಲ್ಲಿ ಒಂಬತ್ತು ಮಂದಿ ಇದನ್ನು ಬಿಡುತ್ತಾರೆ.

ಸದ್ದಿನದ್ದು ಹೀಗೆ. ರಾಕರ್ ಕವರ್ ತೆಗೆದು ಇಂಜಿನ್ ನಿಧಾನಕ್ಕೆ ಓಡಲಿ. ಆಯಿಲ್ ಸಿಡಿಯುತ್ತದೆ, ಹಳೇ ಬಟ್ಟೆ ಹಾಕಿಕೊಳ್ಳಿ. ಓಡುತ್ತಿರುವಾಗಲೇ ಒಂದೊಂದೇ ರಾಕರ್ ಮತ್ತು ವಾಲ್ವ್ ನಡುವೆ ಫೀಲರ್ ತೂರಿಸಿ. ಎಲ್ಲಿ ತೂರಿಸಿದಾಗ ಸದ್ದು ನಿಲ್ಲುತ್ತದೋ ಅದೇ ಆಸಾಮಿ. ಆಮೇಲೆ ಇಂಜಿನ್ ನಿಲ್ಲಿಸಿ ಆ ರಾಕರ್ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಶಾಫ್ಟ್ ಮೇಲೆ ಲೊಡ ಲೊಡ ಅಂದರೆ ಬುಶ್ ಹೋಗಿದೆ, ಶಾಫ್ಟ್ ಕೂಡ.

ಇನ್ನೊಂದು ನೋಡಿ. ವಾಲ್ವ್ ತುದಿ ಬಡಿಯುವ ಜಾಗದಲ್ಲಿ ರಾಕರ್‌ಗೆ ಗುಳಿ ಬಿದ್ದಿರುತ್ತದೆ. ಫೀಲರ್ ಪಟ್ಟಿ ಗುಳಿಯ ಎರಡೂ ದಂಡೆ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ನೀವು 15 ಅಂತ ಹೊಂದಿಸುತ್ತೀರಿ, ನಿಜವಾದ ಗ್ಯಾಪ್ 15ರ ಮೇಲೆ ಗುಳಿಯ ಆಳವೂ ಸೇರಿ. ಎಷ್ಟು ಸಲ ಹೊಂದಿಸಿದರೂ ಸದ್ದು ಹೋಗುವುದಿಲ್ಲ. ಆಗ ಮಿಸ್ತ್ರಿಗೆ ಸಿಟ್ಟು ಬಂದು ಟೈಟ್ ಮಾಡುತ್ತಾನೆ.

ನವನಗರ ಜೀಪ್:

ಲೇತ್ ಕಾಕಾ ಹೇಳಿದ್ದು ಸರಿ. ಜೊತೆಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪ್ಯಾಕಿಂಗ್ ನೋಡಿ. ಅಲ್ಲಿ ಲೀಕ್ ಇದ್ದರೂ ಹಾಗೇ ಟಿಕ್ ಟಿಕ್ ಅನ್ನುತ್ತದೆ, ತಣ್ಣಗಿದ್ದಾಗ ಜಾಸ್ತಿ. ಪೆಟ್ರೋಲ್ ಪಂಪ್ ಕೂಡ ಕ್ಯಾಮ್‌ನಿಂದಲೇ ಓಡೋದು, ಅದರ ಲಿವರ್ ಸವೆದರೂ ಸದ್ದು ಬರುತ್ತದೆ. ಉದ್ದ ಸ್ಕ್ರೂಡ್ರೈವರ್ ಹಿಡಿ ಕಿವಿಗೆ ಒತ್ತಿ, ತುದಿ ಇಟ್ಟು ಕೇಳಿ. ಫ್ಯಾನ್ ಬೆಲ್ಟ್ ಹತ್ತಿರ ಮಾತ್ರ ಜೋಪಾನ.

ಹೊಗೆ ಬಗ್ಗೆ ಬರೆದಿಲ್ಲ ನೀವು. ನಿಪ್ಪಾಣಿ ಕಡೆ ಹೋಗುವಾಗ ತವಂದಿ ಘಾಟ್ ಇದೆಯಲ್ಲ, ಅಲ್ಲಿ ಇಳಿಜಾರಿನಲ್ಲಿ ಗೇರ್‌ನಲ್ಲೇ ಬಿಟ್ಟು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯಿರಿ. ಕೆಳಗೆ ಬಂದು ಒಮ್ಮೆಲೇ ರೇಸ್ ಕೊಡಿ, ಹಿಂದೆ ಕೂತವರು ಹೊಗೆ ನೋಡಲಿ. ನೀಲಿ ಹೊಗೆ ಬುಸ್ ಅಂತ ಬಂದು ನಿಂತರೆ ವಾಲ್ವ್ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ), ಸೀಲ್. ಏರು ಹತ್ತುವಾಗ ಎಳೆದಷ್ಟೂ ಹೊಗೆ ಬಂದರೆ ರಿಂಗ್.

ನನ್ನದು ಹರಿಕೇನ್ ಇಂಜಿನ್ ಜೀಪ್. ಅದರಲ್ಲಿ ಇನ್‌ಟೇಕ್ ವಾಲ್ವ್ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನಲ್ಲಿ. ಟ್ಯಾಪೆಟ್ ಹೊಂದಿಸೋಕೆ ಅರ್ಧ ಮೇಲೆ, ಅರ್ಧ ಪಕ್ಕದಲ್ಲಿ ಬಗ್ಗಬೇಕು. ಅಂಬಾಸಿಡರ್‌ನವರು ಪುಣ್ಯವಂತರು.

ಸಂಕೇಶ್ವರ ಸವಾರಿ:

ಇಷ್ಟು ಹಳೇ ಇಂಜಿನ್, ಸುಮ್ನೆ ಕ್ಯಾಮ್, ಟ್ಯಾಪೆಟ್, ರಾಕರ್ ಎಲ್ಲ ಒಟ್ಟಿಗೆ ಹೊಸದು ಹಾಕಿಸಿಬಿಡಿ. ಅರ್ಧಂಬರ್ಧ ಮಾಡಿದರೆ ಮತ್ತೆ ಬಿಚ್ಚಬೇಕು. ನನ್ನ ಗಾಡಿಗೆ ಹಾಗೇ ಮಾಡಿದ್ದು, ಈಗ ತಲೆನೋವಿಲ್ಲ.

ಉದ್ಯಮಬಾಗ ಲೇತ್:

ದುಡ್ಡು ಇದ್ದವರು ಮಾಡಲಿ ರೀ, ಬೇಡ ಅನ್ನಲ್ಲ. ಆದರೆ ಈಗ ಮಾರ್ಕೆಟ್‌ನಲ್ಲಿ ಸಿಗುವ ಎಲ್ಲ ಕ್ಯಾಮ್‌ಗಳೂ ಹಳೇ ಕ್ಯಾಮ್‌ನಷ್ಟು ಗಟ್ಟಿ ಇಲ್ಲ. ಚೆನ್ನಾಗಿರೋದನ್ನು ತೆಗೆದು ಮೆತ್ತಗಿರೋದನ್ನು ಹಾಕಿದ ಕೇಸ್ ನನ್ನ ಲೇತ್ ಮುಂದೆ ಬಂದಿವೆ. ಅಳತೆ ಮಾಡಿ, ಆಮೇಲೆ ಮಾತಾಡೋಣ.

ಒಂದು ವಿಷಯ ಗೊತ್ತಿರಲಿ. ಕ್ಯಾಮ್‌ನ ಮೂಗು, ಅಂದರೆ ಉಬ್ಬಿನ ತುದಿ, ಸವೆದರೆ ಟ್ಯಾಪೆಟ್ ಗ್ಯಾಪ್ ಬದಲಾಗುವುದಿಲ್ಲ. ಗ್ಯಾಪ್ ನೋಡೋದು ಟ್ಯಾಪೆಟ್ ಕ್ಯಾಮ್‌ನ ಬೆನ್ನಿನ ಮೇಲೆ, ಅಂದರೆ ಉಬ್ಬಿಲ್ಲದ ಕಡೆ, ಕೂತಾಗ, ಅಲ್ವಾ? ಮೂಗು ಸವೆದಿದ್ದು ಫೀಲರ್‌ಗೆ ಕಾಣುವುದೇ ಇಲ್ಲ. ವಾಲ್ವ್ ಎಷ್ಟು ಏಳುತ್ತದೆ ಅಂತ ಅಳೆಯಬೇಕು. ಹೆಡ್ ಬೀಡು ಕಬ್ಬಿಣದ್ದು, ಡಯಲ್ ಗೇಜ್‌ನ ಮ್ಯಾಗ್ನೆಟ್ ಬೇಸ್ ಚೆನ್ನಾಗಿ ಹಿಡಿಯುತ್ತದೆ. ಮುಳ್ಳಿನ ತುದಿ ಪುಶ್ ರಾಡ್ ಮೇಲಿರುವ ಅಡ್ಜಸ್ಟಿಂಗ್ ಸ್ಕ್ರೂ ಮೇಲೆ ಇಡಿ. ಪ್ಲಗ್ ಎಲ್ಲ ತೆಗೆದು ಇಂಜಿನ್ ಕೈಯಲ್ಲಿ ತಿರುಗಿಸಿ. ಎಂಟರದ್ದೂ ಬರೆದುಕೊಳ್ಳಿ. ಇನ್‌ಲೆಟ್ ನಾಲ್ಕನ್ನು ಒಂದಕ್ಕೊಂದು ಹೋಲಿಸಿ, ಎಕ್ಸಾಸ್ಟ್ ನಾಲ್ಕನ್ನು ಒಂದಕ್ಕೊಂದು. ಯಾವುದೋ ಒಂದು ತೀರಾ ಕಮ್ಮಿ ಬಂದರೆ ಆ ಲೋಬ್ (ಕ್ಯಾಮ್‌ನ ಉಬ್ಬು) ಮುಗಿದಿದೆ. ಎಕ್ಸಾಸ್ಟ್ ಲೋಬ್ ಪೂರ್ತಿ ಸವೆದ ಗಾಡಿ ಕಾರ್ಬ್ಯುರೇಟರ್‌ನಲ್ಲಿ ಫಟ್ ಫಟ್ ಅನ್ನುತ್ತದೆ, ಸುಟ್ಟ ಗ್ಯಾಸ್‌ಗೆ ಹೊರಗೆ ದಾರಿ ಇಲ್ಲದೆ ಹಿಂದಕ್ಕೆ ಬರುತ್ತದೆ. ನಿಮ್ಮದು ಹಾಗೆ ಮಾಡುತ್ತಾ?

ಬೆಳಗಾವಿ ಅಂಬಿ:

ಕಾಕಾ, ಜೀಪ್ ಅಣ್ಣಾ, ಇಬ್ಬರಿಗೂ ಥ್ಯಾಂಕ್ಸ್. ಕಾರ್ಬ್ಯುರೇಟರ್‌ನಲ್ಲಿ ಫಟ್ ಅನ್ನುವುದಿಲ್ಲ. ಹೇಳಿದ್ದೆಲ್ಲ ಮಾಡಿದೆ, ಬರೆದಿದ್ದೇನೆ ನೋಡಿ.

ಮಿಸ್ತ್ರಿ ಬಿಟ್ಟುಹೋದ ಗ್ಯಾಪ್: ಹೆಚ್ಚಿನವು 10ರಿಂದ 12 ಥೌ. 5ನೇದಕ್ಕೆ 4 ಥೌ ಪಟ್ಟಿ ಕೂಡ ಕಷ್ಟಪಟ್ಟು ಹೋಯಿತು. ಎಲ್ಲ 15ಕ್ಕೆ ಹೊಂದಿಸಿದೆ. ನಡುಕ ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ಸದ್ದು ಜೋರಾಯಿತು.

ಸದ್ದು: ಫೀಲರ್ ತೂರಿಸಿದಾಗ 2 ಮತ್ತು 7ರಲ್ಲಿ ನಿಂತಿತು. ಎರಡೂ ಇನ್‌ಲೆಟ್. ಎರಡೂ ರಾಕರ್ ಕೈಯಲ್ಲಿ ಅಲುಗುತ್ತವೆ. ತುದಿಯಲ್ಲಿ ಗುಳಿ ಇದೆ, ಉಗುರು ಸಿಕ್ಕಿಕೊಳ್ಳುತ್ತದೆ.

ಕಂಪ್ರೆಷನ್: ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿದೆ. 1, 2, 4ನೇ ಸಿಲಿಂಡರ್ 120 ಪಿಎಸ್‌ಐ ಆಸುಪಾಸು. 3ನೇದು 85. ಅದಕ್ಕೆ ಸ್ವಲ್ಪ ಆಯಿಲ್ ಹಾಕಿ ಮತ್ತೆ ನೋಡಿದರೂ 85ರಿಂದ ಮೇಲೇಳಲಿಲ್ಲ.

ಲಿಫ್ಟ್: ಪಕ್ಕದ ಮನೆಯವರು ವರ್ಕ್‌ಶಾಪ್‌ನಿಂದ ಡಯಲ್ ಗೇಜ್ ತಂದುಕೊಟ್ಟರು. ಎಂಟೂ ಬಹುತೇಕ ಒಂದೇ. ಒಂದೆರಡು ಥೌ ಹೆಚ್ಚು ಕಮ್ಮಿ ಅಷ್ಟೇ.

ಹೊಗೆ: ತವಂದಿ ಘಾಟ್‌ನಲ್ಲಿ ಮಾಮಾ ಹಿಂದೆ ಕೂತು ನೋಡಿದರು. ಕೆಳಗೆ ರೇಸ್ ಕೊಟ್ಟಾಗ ನೀಲಿ ಹೊಗೆ ಬಂತು, ತಕ್ಷಣ ನಿಂತಿತು. ಏರಿನಲ್ಲಿ ಇಲ್ಲ.

ಆಮೇಲೆ ಚೋರ್ಲಾ ಘಾಟ್ ದಾಟಿ ಗೋವಾಕ್ಕೆ ಹೋಗಿ ಬಂದು ಮತ್ತೆ ಗ್ಯಾಪ್ ನೋಡಿದೆ. ಏಳು ವಾಲ್ವ್ 15ರಲ್ಲೇ ಇವೆ. 5ನೇದು 11ಕ್ಕೆ ಇಳಿದಿದೆ.

ಉದ್ಯಮಬಾಗ ಲೇತ್:

ಭೇಷ್. ಇಷ್ಟು ಬರೆದುಕೊಂಡು ಬರುವ ಗಿರಾಕಿ ನಮಗೆ ಸಿಗುವುದಿಲ್ಲ.

ನಿಮ್ಮ ಕ್ಯಾಮ್ ಸರಿ ಇದೆ. ಇಂಜಿನ್ ಇಳಿಸುವ ಕೆಲಸವಿಲ್ಲ.

ಗ್ಯಾಪ್ ಯಾವ ಕಡೆ ಹೋಗುತ್ತಿದೆ ಅನ್ನೋದೇ ಮುಖ್ಯ. ರಾಕರ್, ಪುಶ್ ರಾಡ್ ತುದಿ, ಟ್ಯಾಪೆಟ್ ಮುಖ ಸವೆದರೆ ಗ್ಯಾಪ್ ಜಾಸ್ತಿ ಆಗುತ್ತದೆ. ಗ್ಯಾಪ್ ಕಮ್ಮಿ ಆಗುತ್ತಿದೆ ಅಂದರೆ ವಾಲ್ವ್ ಮೇಲಕ್ಕೆ ಬರುತ್ತಿದೆ. ಅಂದರೆ ಸೀಟ್ ಒಳಗೆ ಹೂಳುತ್ತಿದೆ. ನಿಮ್ಮ 5ನೇದು ಅದೇ. ಅದು 3ನೇ ಸಿಲಿಂಡರ್‌ನ ಎಕ್ಸಾಸ್ಟ್. ಕಂಪ್ರೆಷನ್ ಕಮ್ಮಿ ಇರೋದೂ 3ನೇದರಲ್ಲೇ. ಆಯಿಲ್ ಹಾಕಿದರೂ ಏರಲಿಲ್ಲ, ಹಾಗಾಗಿ ರಿಂಗ್ ಮೇಲೆ ಅನುಮಾನ ಬೇಡ. ಲೆಕ್ಕ ಸರಿಯಾಗಿ ಕೂತಿದೆ.

ಈ ಹೆಡ್‌ನಲ್ಲಿ 4 ಮತ್ತು 5 ಅಕ್ಕಪಕ್ಕ ಇರುವ ಎಕ್ಸಾಸ್ಟ್‌ಗಳು. ಎರಡಕ್ಕೂ ಹೊರಗೆ ಹೋಗಲು ಒಂದೇ ಬಾಯಿ. ಇಡೀ ಹೆಡ್‌ನಲ್ಲಿ ಅತಿ ಕಾಯುವ ಜಾಗ ಅದು. ಸುಡುವುದೂ ಅಲ್ಲೇ ಮೊದಲು, ಕ್ರ್ಯಾಕ್ ಬಿಡುವುದೂ ಅಲ್ಲೇ. ಅದಕ್ಕೇ ಹೆಡ್ ಬಿಚ್ಚಿದ ಮೇಲೆ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ. ಕ್ರ್ಯಾಕ್ ಇದ್ದರೆ ಉಳಿದ ಖರ್ಚೆಲ್ಲ ನೀರಲ್ಲಿ ಹೋಮ.

ಬಿಚ್ಚುವಾಗ ಒಂದು ಜೋಪಾನ. ರಾಕರ್ ಶಾಫ್ಟ್‌ನ ಕಂಬಗಳನ್ನು ಹಿಡಿದ ನಟ್‌ಗಳಲ್ಲಿ ನಾಲ್ಕು ಹೆಡ್ ನಟ್‌ಗಳೂ ಹೌದು. ಬರೀ ರಾಕರ್ ತೆಗೆಯೋಣ ಅಂತ ಆ ನಾಲ್ಕನ್ನೇ ಬಿಚ್ಚಿದರೆ ಹೆಡ್ ಸೊಟ್ಟಗಾಗಬಹುದು, ಪ್ಯಾಕಿಂಗ್‌ನಿಂದ ನೀರು ಇಳಿಯಬಹುದು. ಮೊದಲು ರೇಡಿಯೇಟರ್ ನೀರು ಖಾಲಿ ಮಾಡಿ. ಎಲ್ಲ ನಟ್‌ಗಳನ್ನೂ ಸ್ವಲ್ಪ ಸ್ವಲ್ಪ ಸಡಿಲ ಮಾಡುತ್ತಾ ಬನ್ನಿ. ಪುಶ್ ರಾಡ್ ಎತ್ತುವಾಗ ನೇರ ಎಳೆಯಬೇಡಿ. ತಿರುಗಿಸಿ ಟ್ಯಾಪೆಟ್‌ನಿಂದ ಬಿಡಿಸಿ, ಇಲ್ಲದಿದ್ದರೆ ಆಯಿಲ್‌ಗೆ ಅಂಟಿಕೊಂಡು ಟ್ಯಾಪೆಟ್ ಕೂಡ ಮೇಲೆ ಬಂದು ಅಡ್ಡ ಬೀಳುತ್ತದೆ. ರಟ್ಟಿನಲ್ಲಿ ಎಂಟು ತೂತು ಮಾಡಿ ನಂಬರ್ ಪ್ರಕಾರ ಸಿಕ್ಕಿಸಿಡಿ.

ಟ್ಯಾಪೆಟ್‌ಗಳ ಮುಖವನ್ನೂ ನೋಡಿಬಿಡಿ. ಬ್ಲಾಕ್ ಪಕ್ಕದ ಎರಡು ಕವರ್ ತೆಗೆದರೆ ಕೈಗೆ ಸಿಗುತ್ತವೆ. ಯಾವುದು ಎಲ್ಲಿತ್ತೋ ಅಲ್ಲೇ ಹೋಗಬೇಕು, ಅದಲು ಬದಲು ಬೇಡ.

ವಿಜಯಪುರ ಬಿಸಿಲು:

ಸೀಟ್ ಹೂಳೋದಕ್ಕೆ ಕಾರಣ ಸೀಸ ಇಲ್ಲದ ಪೆಟ್ರೋಲ್ ಅಲ್ವಾ? 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಈ ಇಂಜಿನ್‌ಗಳು ಅದಕ್ಕೂ ಮುಂಚಿನವು. ಸೀಸ ಸೀಟ್ ಮೇಲೆ ಒಂದು ಪದರ ಕಟ್ಟಿ ಕಾಪಾಡುತ್ತಿತ್ತು. ಈಗ ಬಿಸಿಯಲ್ಲಿ ವಾಲ್ವ್ ಸೀಟ್‌ಗೆ ಅಂಟಿ, ಪ್ರತಿ ಸಲ ಒಂದು ಚೂರು ಕಿತ್ತುಕೊಂಡು ಬರುತ್ತದೆ.

ಈಗ ಇ20 ಪೆಟ್ರೋಲ್ (20% ಎಥನಾಲ್ ಬೆರೆಸಿದ್ದು) ಬೇರೆ. ಎಥನಾಲ್ ಜಾಸ್ತಿ ಆದರೆ ಕಾರ್ಬ್ಯುರೇಟರ್ ಗಾಡಿಯಲ್ಲಿ ಮಿಕ್ಸ್ಚರ್ ತೆಳ್ಳಗಾಗುತ್ತದೆ. ಕಬ್ಬು ಬೆಳೆಯೋ ನಾಡು ನಮ್ಮದು, ಎಥನಾಲ್ ಬೇಡ ಅನ್ನೋಕೆ ಬಾಯಿ ಬರಲ್ಲ! ಆದರೆ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಬದಲಿಸಿ. ಮೇ ತಿಂಗಳಲ್ಲಿ ಸೊಲ್ಲಾಪುರ ರೋಡಲ್ಲಿ ಹೊಡೆಯೋರು ಜೆಟ್ ಕೂಡ ಒಮ್ಮೆ ನೋಡಿಸಿ.

ಆಯಿಲ್ ಬಗ್ಗೆ ನನ್ನದೊಂದು ಪ್ರಶ್ನೆ. ಹೊಸ ಆಯಿಲ್‌ಗಳಲ್ಲಿ ಝಿಂಕ್ ಕಮ್ಮಿ, ಹಳೇ ಕ್ಯಾಮ್ ತಿಂದುಹಾಕುತ್ತದೆ ಅಂತಾರೆ. ನಿಜಾನಾ?

ನವನಗರ ಜೀಪ್:

ಅರ್ಧ ನಿಜ. ಝೆಡ್‌ಡಿಡಿಪಿ ಅಂತ ಒಂದು ವಸ್ತು, ಅದರಲ್ಲಿ ಝಿಂಕ್ ಮತ್ತು ಫಾಸ್ಫರಸ್ ಇರುತ್ತದೆ. ಟ್ಯಾಪೆಟ್ ಕ್ಯಾಮ್ ಮೇಲೆ ಉಜ್ಜುವ ಇಂಜಿನ್‌ಗೆ ಅದು ಬೇಕೇ ಬೇಕು. ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ ಫಾಸ್ಫರಸ್‌ಗೆ ಮಿತಿ ಹಾಕಿದ್ದಾರೆ. ಆದರೆ ಆಯಿಲ್ ದರ್ಜೆ ನಿಗದಿ ಮಾಡುವ ಎಪಿಐ ಸಂಸ್ಥೆಯ ಆ ಮಿತಿ 5ಡಬ್ಲ್ಯೂ-30, 10ಡಬ್ಲ್ಯೂ-30 ತರಹದ ತೆಳು ಆಯಿಲ್‌ಗಳಿಗೆ. 20ಡಬ್ಲ್ಯೂ-50ಗೆ ಆ ಮಿತಿ ಇಲ್ಲ. ನಮ್ಮ ಗಾಡಿಗಳಿಗೆ ಹೇಗೂ ದಪ್ಪ ಆಯಿಲ್ಲೇ ಬೇಕು. ಶೋರೂಮ್ ಹುಡುಗ ದುಬಾರಿ ಸಿಂಥೆಟಿಕ್ ಕೊಟ್ಟ ಅಂತ 5ಡಬ್ಲ್ಯೂ-30 ಸುರಿಯಬೇಡಿ, ಅಷ್ಟೇ.

ಸೀಟ್ ವಿಷಯಕ್ಕೆ ಬಂದರೆ, ಪೇಟೆಗೆ ಹೋಗಿ ಬರುವ ಗಾಡಿಗೆ ಗಟ್ಟಿ ಸೀಟ್ ಇನ್‌ಸರ್ಟ್ (ಹೆಡ್‌ನಲ್ಲಿ ಕೂರಿಸುವ ಗಟ್ಟಿ ಲೋಹದ ಬಳೆ) ಬೇಕೇ ಬೇಕು ಅಂತ ನಾನು ಒಪ್ಪಲ್ಲ. ಹೈವೇಯಲ್ಲಿ ಗಂಟೆಗಟ್ಟಲೆ ಎಳೆದಾಗ ಹೂಳೋದು ಜಾಸ್ತಿ.

ಉದ್ಯಮಬಾಗ ಲೇತ್:

ಹೆಡ್ ಬಿಚ್ಚಿ ಟೇಬಲ್ ಮೇಲೆ ಬಂದ ಮೇಲೂ ಹಾಕಿಸದೆ ಬಿಡುತ್ತೀರಾ? ನಾಲ್ಕು ಎಕ್ಸಾಸ್ಟ್‌ಗಾದರೂ ಹಾಕಿಸಿ ಅಂತ ನನ್ನ ಮಾತು. ಇನ್‌ಲೆಟ್‌ಗೆ ಬೇಡ.

ನವನಗರ ಜೀಪ್:

ಸೀಟ್‌ಗೆ ಬೋರ್ ಮಾಡುವಾಗ ವಾಟರ್ ಜಾಕೆಟ್ ಒಡೆದ ಹೆಡ್ ನೋಡಿದ್ದೇನೆ ಕಾಕಾ. ಮಾಡುವ ಕೈ ಮುಖ್ಯ. ನಿಮ್ಮಲ್ಲಿ ಮಾಡಿಸಿದರೆ ನನ್ನ ತಕರಾರಿಲ್ಲ.

ಬೆಳಗಾವಿ ಅಂಬಿ:

ಕೆಲಸ ಆಯಿತು. ಫೋಟೋ ಹಾಕುವ ಮುಂಚೆ ಬರೆದುಬಿಡುತ್ತೇನೆ.

ಹೆಡ್ ಎತ್ತಿ ತಿರುಗಿಸಿದ ತಕ್ಷಣ ಗೊತ್ತಾಯಿತು. 5ನೇ ವಾಲ್ವ್‌ನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗ ಸುಟ್ಟು ಬೆಳ್ಳಗಾಗಿತ್ತು. ಸೀಟ್ ಉಳಿದವುಗಳಿಗಿಂತ ಕಣ್ಣಿಗೆ ಕಾಣುವಷ್ಟು ಕೆಳಗಿತ್ತು. 4ನೇದೂ ಸುಮಾರಾಗಿತ್ತು. ಪ್ರೆಶರ್ ಟೆಸ್ಟ್‌ನಲ್ಲಿ ಕ್ರ್ಯಾಕ್ ಇಲ್ಲ, ದೇವರ ದಯೆ.

ರಾಕರ್ ಶಾಫ್ಟ್ ಹೊರಗೆ ತೆಗೆದೆ. ಮೇಲ್ಭಾಗ ಕನ್ನಡಿಯ ಹಾಗೆ ನುಣುಪು. ತಿರುಗಿಸಿ ತಳದಲ್ಲಿ ಬೆರಳು ಎಳೆದರೆ ಪ್ರತಿ ರಾಕರ್ ಜಾಗದಲ್ಲೂ ಮೆಟ್ಟಿಲು. ಸವೆತವೆಲ್ಲ ತಳದಲ್ಲೇ ಯಾಕೆ ಅಂತ ಕಾಕಾಗೆ ಕೇಳಿದೆ. ರಾಕರ್‌ನ ಒಂದು ಕಡೆ ಪುಶ್ ರಾಡ್ ಮೇಲಕ್ಕೆ ತಳ್ಳುತ್ತದೆ, ಇನ್ನೊಂದು ಕಡೆ ವಾಲ್ವ್ ಸ್ಪ್ರಿಂಗ್ ಕೂಡ ಮೇಲಕ್ಕೇ ತಳ್ಳುತ್ತದೆ. ಭಾರವೆಲ್ಲ ಶಾಫ್ಟ್‌ನ ಹೊಟ್ಟೆಗೆ. ಗಾಡಿಯಲ್ಲೇ ಇಟ್ಟು ಮೇಲಿಂದ ನೋಡಿ ಶಾಫ್ಟ್ ಚೆನ್ನಾಗಿದೆ ಅಂದರೆ ನಂಬಬೇಡಿ. ಶಾಫ್ಟ್ ಒಳಗಿನ ಆಯಿಲ್ ದಾರಿಯಲ್ಲಿ ಕಪ್ಪು ರಾಡಿ ಗಟ್ಟಿಯಾಗಿತ್ತು. 2 ಮತ್ತು 7ರ ತೂತು ಅರ್ಧ ಮುಚ್ಚಿತ್ತು. ಸದ್ದು ಆ ಎರಡರಲ್ಲೇ ಬಂದಿದ್ದಕ್ಕೆ ಕಾರಣ ಸಿಕ್ಕಿತು.

ಹೊಸ ಶಾಫ್ಟ್ ಎರಡು ಕಡೆ ಸಿಕ್ಕಿತು. ಕಾಕಾ ಹೇಳಿದ ಹಾಗೆ ತುದಿಯಲ್ಲಿ, ರಾಕರ್ ಕೂರದ ಜಾಗದಲ್ಲಿ, ಸಣ್ಣ ಫೈಲ್ ಎಳೆದು ನೋಡಿದೆ. ಒಂದರಲ್ಲಿ ಫೈಲ್ ಕಚ್ಚಿ ಪುಡಿ ಬಂತು. ಇನ್ನೊಂದರಲ್ಲಿ ಜಾರಿತು. ಜಾರಿದ್ದನ್ನು ತೆಗೆದುಕೊಂಡೆ. ಕಚ್ಚಿದ್ದು ಹೊಳೆಯುವ ಪೆಟ್ಟಿಗೆಯಲ್ಲಿ ಬಂದಿತ್ತು, ಬೆಲೆಯೂ ಜಾಸ್ತಿ!

ರಾಕರ್‌ಗಳಿಗೆ ಹೊಸ ಬುಶ್ ಹಾಕಿಸಿದೆ. ಇಲ್ಲಿ ಎಲ್ಲರೂ ಗಮನ ಕೊಡಿ. ಬುಶ್ ಒತ್ತಿದ ಮೇಲೆ ರಾಕರ್‌ನ ಆಯಿಲ್ ತೂತು ಬುಶ್‌ನಿಂದ ಮುಚ್ಚಿಹೋಗುತ್ತದೆ. ಅದನ್ನು ಮತ್ತೆ ಡ್ರಿಲ್ ಮಾಡಿ ತೆರೆಯಬೇಕು, ಆಮೇಲೆ ರೀಮರ್. ಪ್ರತಿಯೊಂದರಲ್ಲೂ ತಂತಿ ತೂರಿಸಿ ನೋಡಿದ ಮೇಲೇ ಜೋಡಿಸಿದೆ. ಗುಳಿ ಬಿದ್ದ ತುದಿಗಳನ್ನು ಗ್ರೈಂಡ್ ಮಾಡಿಸಿದೆ. 2 ಮತ್ತು 7ರಲ್ಲಿ ಗುಳಿ ಆಳ ಇತ್ತು, ಮೇಲಿನ ಗಟ್ಟಿ ಪದರ ಹೋಗುತ್ತದೆ ಅಂತ ಆ ಎರಡು ಬೇರೆ ರಾಕರ್ ಹಾಕಿದೆ.

ಹೆಡ್‌ನಲ್ಲಿ ಮೊದಲು ಗೈಡ್, ಆಮೇಲೆ ಸೀಟ್. ಸೀಟ್ ಕಟರ್ ಗೈಡ್ ಹಿಡಿದುಕೊಂಡೇ ತಿರುಗುವುದು. ಹಳೇ ಗೈಡ್ ಇಟ್ಟುಕೊಂಡು ಸೀಟ್ ಕಟ್ ಮಾಡಿದರೆ ಅದೂ ಸೊಟ್ಟವೇ. ಎಂಟೂ ಗೈಡ್ ಹೊಸದು. ನಾಲ್ಕು ಎಕ್ಸಾಸ್ಟ್‌ಗೆ ಗಟ್ಟಿ ಸೀಟ್, ಹೊಸ ವಾಲ್ವ್. ಇನ್‌ಲೆಟ್ ವಾಲ್ವ್‌ಗಳನ್ನು 45 ಡಿಗ್ರಿಗೆ ಗ್ರೈಂಡ್ ಮಾಡಿಸಿದೆ. ಲ್ಯಾಪಿಂಗ್ (ಪೇಸ್ಟ್ ಹಚ್ಚಿ ವಾಲ್ವ್ ಅನ್ನು ಸೀಟ್ ಮೇಲೆ ತಿಕ್ಕುವುದು) ನಾನೇ ಮನೆಯಲ್ಲಿ ಮಾಡಿದೆ. ಮೊದಲು ಒರಟು ಪೇಸ್ಟ್, ಆಮೇಲೆ ನಯ. ಸುತ್ತಲೂ ಒಂದೇ ಅಗಲದ ಬೂದು ಬಣ್ಣದ ಪಟ್ಟಿ ಬರುವ ತನಕ. ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ಸೀಮೆಎಣ್ಣೆಯಲ್ಲಿ ತೊಳೆದೆ. ಹೆಡ್ ಮಗುಚಿ, ಪ್ಲಗ್ ಹಾಕಿ, ಚೇಂಬರ್‌ಗಳಲ್ಲಿ ಸೀಮೆಎಣ್ಣೆ ತುಂಬಿ ಪೋರ್ಟ್ ಕಡೆ ನೋಡಿದೆ. 7ನೇದು ಸಣ್ಣಗೆ ಒದ್ದೆ ಆಯಿತು. ಅದನ್ನು ಮತ್ತೆ ಲ್ಯಾಪ್ ಮಾಡಿದೆ.

ವಾಲ್ವ್ ಕಾಂಡಕ್ಕೆ ಹಾಕುವ ರಬ್ಬರ್ ರಿಂಗ್‌ಗಳು ಹಳೇವು ಪ್ಲಾಸ್ಟಿಕ್ ಹಾಗೆ ಗಟ್ಟಿಯಾಗಿದ್ದವು, ಬೆರಳಲ್ಲಿ ಒತ್ತಿದರೆ ಲಟಕ್ ಅಂತ ಮುರಿದವು. ಹೊಸದನ್ನು ಆಯಿಲ್‌ನಲ್ಲಿ ನೆನೆಸಿ ಹಾಕಿದೆ.

ಟ್ಯಾಪೆಟ್ ಎಂಟೂ ನುಣುಪು, ಗುಂಡಿ ಇಲ್ಲ. ಅದೇ ಜಾಗಕ್ಕೆ ವಾಪಸ್.

ಈಗ ನಾಲ್ಕೂ ಸಿಲಿಂಡರ್ 120ರ ಮೇಲೆ. ಗೇರ್ ಲಿವರ್ ನಡುಗುವುದಿಲ್ಲ. ಟ್ಯಾಪೆಟ್ ಸದ್ದು ಸಣ್ಣಗೆ ಇದೆ, ಇರಲಿ ಬಿಡಿ.

ಸಂಕೇಶ್ವರ ಸವಾರಿ:

ಚೆನ್ನಾಗಿ ಆಯಿತು. ಕ್ಯಾಮ್ ಉಳಿಯಿತಲ್ಲ, ಒಪ್ಪಿದೆ. ಆದರೆ ನಾನು ಹೊಸ ಕ್ಯಾಮ್ ಹಾಕಿದಾಗ ಮೊದಲ 20 ನಿಮಿಷ 2000 ಆರ್‌ಪಿಎಂ ಮೇಲೆ ಓಡಿಸಿದ್ದೆ, ಐಡಲ್‌ಗೆ ಬಿಡಲೇ ಇಲ್ಲ. ನಿಮಗೂ ಹಾಗೆ ಮಾಡಬೇಕಾ?

ಉದ್ಯಮಬಾಗ ಲೇತ್:

ಅದು ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಕೂಡಿಸಿದಾಗ. ಕ್ಯಾಮ್‌ಗೆ ಆಯಿಲ್ ಸಿಗುವುದು ಹೆಚ್ಚಾಗಿ ಸಿಡಿತದಿಂದ, ಅದಕ್ಕೇ ಸ್ಪೀಡ್ ಬೇಕು. ಇವರ ಜೋಡಿ ಹಳೇದೇ, ಬೇಕಿಲ್ಲ.

ಅಂಬಿ ಅವರೇ, ಸ್ವಲ್ಪ ಓಡಿಸಿದ ಮೇಲೆ ಮ್ಯಾನ್ಯುಯಲ್‌ನಲ್ಲಿರುವ ಕ್ರಮದಲ್ಲಿ ಹೆಡ್ ನಟ್‌ಗೆ ಮತ್ತೆ ಟಾರ್ಕ್ ರೆಂಚ್ ಹಾಕಿ. ಹೆಡ್ ಬಿಗಿಯಾದರೆ ಟ್ಯಾಪೆಟ್ ಗ್ಯಾಪ್ ಕಮ್ಮಿ ಆಗುತ್ತದೆ. ಹಾಗಾಗಿ ಹೆಡ್ ಮೊದಲು, ಟ್ಯಾಪೆಟ್ ಆಮೇಲೆ. ಹಳೇ ರಾಕರ್ ಎರಡು ಇವೆಯಲ್ಲ, ಎಸೀಬೇಡಿ. ನನಗೆ ತಂದುಕೊಡಿ, ತುದಿಗೆ ಗಟ್ಟಿ ವೆಲ್ಡಿಂಗ್ ತುಂಬಿ ಗ್ರೈಂಡ್ ಮಾಡಿ ನೋಡುತ್ತೇನೆ.

ಬೆಳಗಾವಿ ಅಂಬಿ:

ತರುತ್ತೇನೆ ಕಾಕಾ. ಪಕ್ಕದ ಕವರ್‌ನ ಕಾರ್ಕ್ ಪ್ಯಾಕಿಂಗ್‌ನಿಂದ ಸ್ವಲ್ಪ ಆಯಿಲ್ ಜಿನುಗುತ್ತಿದೆ. ಬೋಲ್ಟ್ ಇನ್ನೂ ಬಿಗಿ ಮಾಡಲಾ?

ಉದ್ಯಮಬಾಗ ಲೇತ್:

ಬೇಡ. ಆ ತಗಡು ಕವರ್ ಬಿಗಿ ಮಾಡಿದಷ್ಟೂ ನಡುವೆ ಒಳಗೆ ಬಾಗುತ್ತದೆ, ಅಂಚು ಏಳುತ್ತದೆ. ಬಿಚ್ಚಿ, ಸಪಾಟು ಹಲಗೆ ಮೇಲಿಟ್ಟು ಅಂಚು ನೇರ ಮಾಡಿ. ಹೊಸ ಕಾರ್ಕ್ ಕವರ್ ಕಡೆಗೆ ಮಾತ್ರ ಅಂಟಿಸಿ, ಬ್ಲಾಕ್ ಕಡೆ ಗ್ರೀಸ್ ಸಾಕು. ರಾಕರ್ ಜೊತೆ ಕವರ್ ಕೂಡ ತನ್ನಿ, ಇಲ್ಲೇ ನೋಡೋಣ.